ಇನ್ನೂ ಹುಟ್ಟದ ನಾದದ ಆಯ್ಕೆ

ಕಾರ್ಯವು ಹುಟ್ಟುವ ಮೊದಲೇ ತನ್ನ ಕಾರಣದಲ್ಲಿ ಇರುತ್ತದೆಯೋ ಇಲ್ಲವೋ ಎಂಬುದು ಭಾರತೀಯ ದರ್ಶನಗಳು ಶತಮಾನಗಳ ಕಾಲ ಬಿಡದೆ ಚರ್ಚಿಸಿದ ಪ್ರಶ್ನೆಗಳಲ್ಲೊಂದು. ಇರುತ್ತದೆ ಎನ್ನುವವರು ಸಾಂಖ್ಯರು. ಎಳ್ಳಿನಲ್ಲಿ ಎಣ್ಣೆ ಇರುವುದರಿಂದಲೇ ಗಾಣದಲ್ಲಿ ಎಣ್ಣೆ ಇಳಿಯುತ್ತದೆ, ಮರಳನ್ನು ಎಷ್ಟು ಅರೆದರೂ ಇಳಿಯುವುದಿಲ್ಲ, ಆದ್ದರಿಂದ ಹುಟ್ಟು ಎಂಬುದು ಒಳಗೆ ಅಡಗಿದ್ದುದು ಹೊರಗೆ ಕಾಣಿಸಿಕೊಳ್ಳುವುದಷ್ಟೇ ಎಂಬ ಅವರ ನಿಲುವಿಗೆ ಸತ್ಕಾರ್ಯವಾದವೆಂದು ಹೆಸರು. ಇರುವುದಿಲ್ಲ ಎನ್ನುವವರು ನ್ಯಾಯ ಮತ್ತು ವೈಶೇಷಿಕ ದರ್ಶನದವರು; ನೂಲಿನಲ್ಲಿ ಬಟ್ಟೆ ಮೊದಲೇ ಇದ್ದಿದ್ದರೆ ನೇಕಾರ ಮಗ್ಗದ ಮುಂದೆ ಕೂರಬೇಕಾಗಿಯೇ ಇರಲಿಲ್ಲ, ಬಟ್ಟೆಯು ಎಳೆಗಳ ಜೋಡಣೆಯಿಂದ ಹೊಸದಾಗಿ ಆರಂಭವಾಗುವ ವಸ್ತು ಎಂಬ ಅವರ ನಿಲುವು ಅಸತ್ಕಾರ್ಯವಾದ ಅಥವಾ ಆರಂಭವಾದ ಎನಿಸಿಕೊಂಡಿದೆ. ಗಡಿಗೆ, ಬಟ್ಟೆ, ಎಣ್ಣೆಗಳ ಉದಾಹರಣೆಯಲ್ಲೇ ಬೆಳೆದುಬಂದ ಈ ವಾದ ಇಂದಿನ ಓದುಗನಿಗೆ ಪಾಠಶಾಲೆಯ ಕಸರತ್ತಿನಂತೆ ತೋರಬಹುದು. ಆದರೆ ಯಾವ ಕಾರ್ಖಾನೆಗೂ ಸೇರದ ಒಬ್ಬ ಕುಶಲಕರ್ಮಿಯ ಕೈಯಿಂದ ಅಕೂಸ್ಟಿಕ್ ಗಿಟಾರೊಂದನ್ನು, ಅಂದರೆ ವಿದ್ಯುತ್ತಿನ ನೆರವಿಲ್ಲದೆ ಮರದ ಒಡಲಿನಿಂದಲೇ ನುಡಿಯುವ ಗಿಟಾರನ್ನು, ಮಾಡಿಸಿಕೊಳ್ಳಲು ಹೊರಟವರ ಎದುರಿಗೆ ಇದೇ ಪ್ರಶ್ನೆ ಹಣದ ಮತ್ತು ಕಾಲದ ಲೆಕ್ಕದಲ್ಲಿ ಬಂದು ನಿಲ್ಲುತ್ತದೆ.

ಅಂಗಡಿಯಲ್ಲಿ ಗಿಟಾರ್ ಕೊಳ್ಳುವವನು ಸಾಲಾಗಿ ತೂಗುಹಾಕಿದ ವಾದ್ಯಗಳಲ್ಲಿ ನಾಲ್ಕನ್ನು ನುಡಿಸಿ, ಕಿವಿಗೆ ಹಿಡಿಸಿದ್ದನ್ನು ಮನೆಗೆ ಒಯ್ಯುತ್ತಾನೆ. ಅಲ್ಲಿ ಪ್ರತ್ಯಕ್ಷವೇ ಪ್ರಮಾಣ. ಲೂಥಿಯರ್ ಎಂದು ಕರೆಯಲಾಗುವ ಸ್ವತಂತ್ರ ಗಿಟಾರ್ ತಯಾರಕರ ಬಳಿ ಹೋದವನಿಗೆ ಈ ಸೌಲಭ್ಯ ಸಾಮಾನ್ಯವಾಗಿ ಇರುವುದಿಲ್ಲ. ಒಂಟಿಯಾಗಿ ಕೆಲಸ ಮಾಡುವ ಇಂಥವರು ವರ್ಷಕ್ಕೆ ಮಾಡಬಲ್ಲ ವಾದ್ಯಗಳು ಕೆಲವೇ. ಹೆಸರಾದವರ ಬಳಿ ಮುಂಗಡ ಕೊಟ್ಟು, ಸರದಿಯಲ್ಲಿ ಹೆಸರು ಬರೆಸಿ, ಒಂದು ವರ್ಷವೋ ಅದಕ್ಕೂ ಹೆಚ್ಚೋ ಕಾಯುವುದು ವಾಡಿಕೆ. ಆರಿಸಿಕೊಳ್ಳುವ ಗಳಿಗೆಯಲ್ಲಿ ಆರಿಸಬೇಕಾದ ವಸ್ತುವೇ ಇಲ್ಲ. ಇರುವುದು ಗೋಡೆಗೆ ಒರಗಿಸಿಟ್ಟ ಕೆಲವು ತೆಳು ಹಲಗೆಗಳು ಮತ್ತು ಅವುಗಳ ನಡುವೆ ಓಡಾಡುವ ಒಬ್ಬ ಮನುಷ್ಯ. ನೈಯಾಯಿಕರು ಈ ಸ್ಥಿತಿಗೆ ಪ್ರಾಗಭಾವ ಎಂಬ ಹೆಸರಿಟ್ಟಿದ್ದಾರೆ. ವಸ್ತುವೊಂದು ಹುಟ್ಟುವುದಕ್ಕೆ ಮುಂಚಿನ ಅದರ ಇಲ್ಲದಿರುವಿಕೆಗೆ ಆದಿಯಿಲ್ಲ, ಆದರೆ ಅಂತ್ಯವಿದೆ, ಏಕೆಂದರೆ ವಸ್ತು ಹುಟ್ಟಿದೊಡನೆ ಅದು ಮುಗಿಯುತ್ತದೆ. ಅಷ್ಟೇ ಅಲ್ಲ, ಆ ಇಲ್ಲದಿರುವಿಕೆ ಎಲ್ಲೆಂದರಲ್ಲಿ ಇರುವುದಿಲ್ಲ, ಆ ವಸ್ತುವಿಗೆ ಒಡಲಾಗಲಿರುವ ಕಾರಣದಲ್ಲೇ ನೆಲೆಸಿರುತ್ತದೆ. ಗಡಿಗೆಯ ಪ್ರಾಗಭಾವ ಅದರ ಹೋಳುಗಳಲ್ಲಿರುವಂತೆ, ಮಾಡಿಸಿಕೊಳ್ಳುವವನ ಗಿಟಾರಿನ ಪ್ರಾಗಭಾವ ಆ ಹಲಗೆಗಳಲ್ಲಿದೆ. ಬರಿಯ ಇಲ್ಲ ಎಂಬುದಕ್ಕೂ ಇಲ್ಲಿ ಇನ್ನೂ ಆಗಿಲ್ಲ ಎಂಬುದಕ್ಕೂ ಇರುವ ಈ ಅಂತರವನ್ನು ಇಷ್ಟು ಸೂಕ್ಷ್ಮವಾಗಿ ಗುರುತಿಸಿದ ಚಿಂತನೆಯನ್ನು ಒಣ ತರ್ಕವೆಂದು ತಳ್ಳಿಹಾಕುವುದು ನ್ಯಾಯವಲ್ಲ.

ಹಲಗೆ ಗಿಟಾರಾಗುವ ಬಗೆಯನ್ನು ಸ್ವಲ್ಪ ಹತ್ತಿರದಿಂದ ನೋಡದೆ ಈ ಚರ್ಚೆ ಮುಂದೆ ಸಾಗದು. ತಂತಿ ತೀರ ಸಣ್ಣದಾದ್ದರಿಂದ ತಾನಾಗಿ ಗಾಳಿಯನ್ನು ಅಲುಗಿಸಲಾರದು. ಅದರ ಕಂಪನವನ್ನು ವೀಣೆಯವರು ಕುದುರೆ ಎಂದೂ ಗಿಟಾರಿನವರು ಬ್ರಿಡ್ಜ್ ಎಂದೂ ಕರೆಯುವ ತುಂಡು ಮೇಲ್ಹಲಗೆಗೆ ದಾಟಿಸುತ್ತದೆ, ಸದ್ದಾಗುವುದು ಮುಖ್ಯವಾಗಿ ಆ ಮೇಲ್ಹಲಗೆಯಿಂದ ಮತ್ತು ಒಡಲೊಳಗಿನ ಗಾಳಿಯಿಂದ. ಸುಮಾರು 3 ಮಿಲಿಮೀಟರ್ ದಪ್ಪದ ಈ ಹಲಗೆ ಉಕ್ಕಿನ ಆರು ತಂತಿಗಳ ಒಟ್ಟು 70 ಕಿಲೋಗೂ ಮೀರಿದ ಎಳೆತವನ್ನು ದಶಕಗಳ ಕಾಲ ತಾಳಿಕೊಳ್ಳಬೇಕು, ಆದರೂ ಬೆರಳ ತುದಿಯ ಮೆಲ್ಲನೆಯ ಮೀಟಿಗೂ ಮಿಡಿಯಬೇಕು. ದಪ್ಪ ಉಳಿಸಿದರೆ ವಾದ್ಯ ಗಟ್ಟಿಯಾಗಿರುತ್ತದೆ, ಆದರೆ ಮೂಕವಾಗುತ್ತದೆ. ತೀರ ತೆಳ್ಳಗೆ ಮಾಡಿದರೆ ಕೆಲವು ಕಾಲ ಚೆನ್ನಾಗಿ ನುಡಿದು ಕುಸಿಯುತ್ತದೆ. ಹಲಗೆಯ ಒಳಮೈಗೆ ಅಂಟಿಸುವ, ಬ್ರೇಸ್ ಎಂಬ ಹೆಸರಿನ ಸಣ್ಣ ಪಟ್ಟಿಗಳನ್ನು ಎಲ್ಲಿ ಎಷ್ಟು ಕೆತ್ತಬೇಕು ಎಂಬುದರಲ್ಲಿ ಈ ಇಬ್ಬಂದಿಯ ಪರಿಹಾರವಿದೆ. ಮೇಲ್ಹಲಗೆಗೆ ಬಹುವಾಗಿ ಬಳಸುವ ಸ್ಪ್ರೂಸ್ ಮರ ಎಳೆಯ ಉದ್ದಕ್ಕೆ ಇರುವಷ್ಟು ಬಿಗಿಯಾಗಿ ಅಡ್ಡಕ್ಕೆ ಇರುವುದಿಲ್ಲ. ಎರಡರ ನಡುವೆ ಹತ್ತು ಪಟ್ಟಿಗೂ ಹೆಚ್ಚಿನ ಅಂತರವಿದೆ, ಈ ಅಂತರವೂ ಮರದಿಂದ ಮರಕ್ಕೆ, ಒಂದೇ ಮರದ ತುಂಡಿನಿಂದ ತುಂಡಿಗೆ ಬದಲಾಗುತ್ತದೆ. ಆದ್ದರಿಂದ ಕೆಲಸಗಾರ ಹಲಗೆಯ ಅಂಚನ್ನು ಎರಡು ಬೆರಳಲ್ಲಿ ಹಗುರವಾಗಿ ಹಿಡಿದು, ಕಿವಿಯ ಬಳಿ ತಂದು, ಇನ್ನೊಂದು ಕೈಯ ಬೆರಳ ಗೆಣ್ಣಿನಿಂದ ತಟ್ಟುತ್ತಾನೆ, ಪಟ್ಟಿಯ ಮೇಲೆ ಉಳಿಯಿಂದ ಒಂದು ತೆಳು ಸಿಬಿರು ತೆಗೆಯುತ್ತಾನೆ, ಮತ್ತೆ ತಟ್ಟುತ್ತಾನೆ, ಹಲಗೆಯನ್ನು ಹೆಬ್ಬೆರಳುಗಳ ನಡುವೆ ತುಸು ಬಾಗಿಸಿ ಅದು ಎಷ್ಟು ಎದುರು ಒತ್ತುತ್ತದೆ ಎಂದು ನೋಡುತ್ತಾನೆ. ತೆಗೆದ ಸಿಬಿರನ್ನು ಮರಳಿ ಅಂಟಿಸಲು ಬರುವುದಿಲ್ಲವಾದ್ದರಿಂದ ಎಲ್ಲಿ ಕೈ ನಿಲ್ಲಿಸಬೇಕು ಎಂಬ ತಿಳಿವೇ ಈ ವಿದ್ಯೆಯ ತಿರುಳು. ಒಂದೇ ಅಳತೆಗೆ ಸಾವಿರ ಹಲಗೆ ಕತ್ತರಿಸುವ ಕಾರ್ಖಾನೆ ಹಲಗೆಗಳ ಸರಾಸರಿಯನ್ನು ನಂಬಿ, ಮುರಿಯದಿರಲೆಂದು ಒಂದಿಷ್ಟು ದಪ್ಪವನ್ನು ಉಳಿಸಿಕೊಳ್ಳಬೇಕಾಗುತ್ತದೆ. ಒಂಟಿ ತಯಾರಕ ಕೈಯಲ್ಲಿರುವ ಈ ಹಲಗೆಯನ್ನೇ ಕೇಳಿ ತೀರ್ಮಾನಿಸಬಹುದು.

ಆದರೂ ಗಿಟಾರ್ ಮಾಡಿಸಿಕೊಳ್ಳುವವರ ಮಾತುಕತೆ ಬಹುಮಟ್ಟಿಗೆ ಈ ತಿಳಿವಿನ ಸುತ್ತ ನಡೆಯದೆ ಮರದ ಹೆಸರುಗಳ ಸುತ್ತ ನಡೆಯುತ್ತದೆ. ಬ್ರೆಜಿಲಿನ ರೋಸ್‌ವುಡ್ ಎಂದರೆ ಗಂಭೀರ ನಾದ, ಮಹಾಗನಿ ಎಂದರೆ ಬೆಚ್ಚನೆಯ ನಾದ, ಮೇಪಲ್ ಎಂದರೆ ಸ್ಪಷ್ಟ ನಾದ ಎಂಬಂತೆ ನಾದವು ಮೊದಲೇ ಮರದಲ್ಲಿ ಅಡಗಿದ್ದು, ಕೆಲಸಗಾರ ಅದನ್ನು ಬಿಡಿಸಿ ತೆಗೆಯುತ್ತಾನೆ ಎಂದು ಭಾವಿಸುವವರು ತಮಗೆ ತಿಳಿಯದೆಯೇ ಸಾಂಖ್ಯರಾಗಿರುತ್ತಾರೆ. ಈ ನಂಬಿಕೆಯನ್ನು ಒರೆಗೆ ಹಚ್ಚಿದ ಕೆಲಸ ಸ್ಪೇನಿನಲ್ಲಿ ಬಹಳ ಹಿಂದೆಯೇ ನಡೆಯಿತು. ಅಲ್ಮೇರಿಯಾದ ಆಂಟೋನಿಯೋ ದೆ ಟೊರೆಸ್ (1817-1892) ಬಡಗಿಯಾಗಿ ಕೆಲಸ ಕಲಿತು, ಇಂದಿನ ಕ್ಲಾಸಿಕಲ್ ಗಿಟಾರಿನ ಅಳತೆ ಆಕಾರಗಳನ್ನು ಬಹುಮಟ್ಟಿಗೆ ನೆಲೆಗೊಳಿಸಿದವನು. ವಾದ್ಯದ ಜೀವ ಮೇಲ್ಹಲಗೆಯಲ್ಲಿದೆ ಎಂಬ ತನ್ನ ಮಾತನ್ನು ತೋರಿಸಿಕೊಡಲು ಅವನು 1862ರಲ್ಲಿ ಬೆನ್ನು ಮತ್ತು ಪಕ್ಕಗಳನ್ನು ಕಾಗದದ ರಟ್ಟಿನಿಂದ, ಮೇಲ್ಹಲಗೆಯನ್ನು ಮಾತ್ರ ಸ್ಪ್ರೂಸಿನಿಂದ ಮಾಡಿ ಒಂದು ಗಿಟಾರನ್ನು ಕಟ್ಟಿದ; ಅದು ಇಂದಿಗೂ ಬಾರ್ಸಿಲೋನಾದ ಸಂಗೀತ ವಸ್ತುಸಂಗ್ರಹಾಲಯದಲ್ಲಿದೆ. ಉಕ್ಕಿನ ತಂತಿಯ ಗಿಟಾರುಗಳ ಮಟ್ಟಿಗೆ ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು ಇದೇ ಪ್ರಶ್ನೆಯನ್ನು ಮತ್ತೆ ಎತ್ತಿಕೊಂಡು 2018ರಲ್ಲಿ ಫಲಿತಾಂಶ ಪ್ರಕಟಿಸಿದರು. ಬೆನ್ನು ಪಕ್ಕಗಳ ಮರವೊಂದನ್ನು ಬಿಟ್ಟು ಉಳಿದೆಲ್ಲದರಲ್ಲೂ ಆದಷ್ಟು ಒಂದೇ ಬಗೆಯಾಗಿರುವಂತೆ ಒಬ್ಬನೇ ತಯಾರಕ ಆರು ಗಿಟಾರುಗಳನ್ನು ಮಾಡಿದ್ದ. ಬ್ರೆಜಿಲಿನ ರೋಸ್‌ವುಡ್, ಭಾರತದ ರೋಸ್‌ವುಡ್, ಮಹಾಗನಿ, ಮೇಪಲ್, ಸಪೇಲೆ, ವಾಲ್ನಟ್ ಎಂಬ ಆರು ಮರಗಳವು. ಮರ ಕಾಣದಂತೆ ಕಣ್ಣಿಗೆ ಬೆಸುಗೆಯವರ ಕನ್ನಡಕ ತೊಡಿಸಿ 52 ವಾದಕರಿಂದ ನುಡಿಸಿದಾಗ ಆರಕ್ಕೂ ಬಂದ ಅಂಕಗಳಲ್ಲಿ ಹೇಳಿಕೊಳ್ಳುವಂಥ ಅಂತರವೇ ಇರಲಿಲ್ಲ. ಕಣ್ಣು ಮುಚ್ಚಿದಾಗ ಹೆಸರು ಹೋಯಿತು, ಹೆಸರಿನೊಡನೆ ಗುಣವೂ ಹೋಯಿತು.

ಹಾಗೆಂದು ಸಾಂಖ್ಯರು ಪೂರ್ತಿ ಸೋತರೆಂದು ತೀರ್ಪು ಕೊಡುವುದು ಆತುರವಾದೀತು. ಟೊರೆಸ್ ಬೆನ್ನನ್ನು ರಟ್ಟಿನಿಂದ ಮಾಡಿದ, ಆದರೆ ಮೇಲ್ಹಲಗೆಯನ್ನು ಹಾಗೆ ಮಾಡಲಿಲ್ಲ. ಹಗುರವೂ ಬಿಗಿಯೂ ಆದ, ಎಳೆ ನೇರವಾಗಿ ಸಾಗಿದ ಮರವನ್ನೇ ಅಲ್ಲಿ ಬಯಸಿದ. ಇಂಥ ಕಾರ್ಯಕ್ಕೆ ಇಂಥ ಉಪಾದಾನವನ್ನೇ, ಅಂದರೆ ಒಡಲಾಗುವ ವಸ್ತುವನ್ನೇ, ಜನ ಹುಡುಕಿ ತರುತ್ತಾರೆ ಎಂಬುದು ಸತ್ಕಾರ್ಯವಾದಕ್ಕೆ ಸಾಂಖ್ಯಕಾರಿಕೆ ಕೊಡುವ ಕಾರಣಗಳಲ್ಲೊಂದು. ಮೇಲ್ಹಲಗೆಯ ವಿಷಯದಲ್ಲಿ ಆ ಮಾತು ಅಲ್ಲಗಳೆಯಲಾಗದಷ್ಟು ಸತ್ಯ. ಎಳ್ಳು ಬೇಕೇ ಬೇಕು. ಆದರೆ ಗಾಣಕ್ಕೆ ಬಿದ್ದ ಎಳ್ಳೆಲ್ಲ ಒಂದೇ ಬಗೆಯ ಎಣ್ಣೆ ಕೊಡುವುದಾದರೆ ಯಾವ ಗಾಣಿಗನಾದರೂ ಆದೀತು. ಸ್ಪ್ರೂಸಿನ ಹಲಗೆ ಹಾಗಲ್ಲ. ಒಂದೇ ಮರದ ಅಕ್ಕಪಕ್ಕದ ತುಂಡುಗಳು ಇಬ್ಬರ ಕೈಗೆ ಹೋದರೆ ಎರಡು ಬೇರೆ ನಾದಗಳಾಗುತ್ತವೆ, ಒಬ್ಬನೇ ತಯಾರಕ ಬೇರೆ ಬೇರೆ ಮರಗಳಿಂದ ಮಾಡಿದ ವಾದ್ಯಗಳಲ್ಲಿ ಮಾತ್ರ ಕಿವಿಯುಳ್ಳವರು ಗುರುತಿಸಬಲ್ಲ ಒಂದು ಮನೆತನದ ಹೋಲಿಕೆ ಇರುತ್ತದೆ. ತನ್ನ ಗುಟ್ಟು ಬೆರಳ ತುದಿಗಳ ನಡುವೆ ಇದೆ, ಅದನ್ನು ಬಿಟ್ಟುಹೋಗಲು ತನ್ನಿಂದಾಗದು ಎಂಬರ್ಥದ ಮಾತನ್ನು ಟೊರೆಸ್ ಆಡಿದ್ದನೆಂದು ಅವನನ್ನು ಬಲ್ಲ ಪಾದ್ರಿಯೊಬ್ಬರು ಮುಂದೆ ನೆನಪಿಸಿಕೊಂಡಿದ್ದಾರೆ. ನೈಯಾಯಿಕರ ಭಾಷೆಯಲ್ಲಿ ಹೇಳುವುದಾದರೆ ಮರವು ಸಮವಾಯಿ ಕಾರಣ, ಎಂದರೆ ಕಾರ್ಯವು ಯಾವುದನ್ನು ಬಿಟ್ಟಿರಲಾರದೋ ಅದು. ತುಂಡುಗಳ ಸಂಯೋಗ ಅಸಮವಾಯಿ ಕಾರಣ. ತಯಾರಕ ನಿಮಿತ್ತ ಕಾರಣ. ಸಾಮಾನ್ಯ ಬಳಕೆಯಲ್ಲಿ ನಿಮಿತ್ತ ಎಂದರೆ ನೆಪಮಾತ್ರ ಎಂಬ ಅರ್ಥ ಬಂದುಬಿಟ್ಟಿದೆ. ಗಿಟಾರಿನ ಮಟ್ಟಿಗೆ ನಿಮಿತ್ತವೇ ಮುಖ್ಯ, ಮರದ ಹೆಸರೇ ಬಹುಪಾಲು ನೆಪ.

ನಾದ ವಾದ್ಯದ ಯಾವ ಭಾಗದಲ್ಲಿದೆ ಎಂದು ಹುಡುಕುವವರಿಗೆ ಬುದ್ಧನ ಒಂದು ದೃಷ್ಟಾಂತ ನೇರವಾಗಿ ತಟ್ಟುತ್ತದೆ. ಸಂಯುತ್ತ ನಿಕಾಯದಲ್ಲಿ ಬರುವ ಆ ಕಥೆಯಲ್ಲಿ ವೀಣೆಯನ್ನು ಎಂದೂ ಕೇಳದಿದ್ದ ರಾಜನೊಬ್ಬ ಅದರ ಇಂಪಿಗೆ ಮರುಳಾಗಿ ಆ ಸದ್ದನ್ನು ತಂದುಕೊಡಿ ಎನ್ನುತ್ತಾನೆ. ವೀಣೆಯನ್ನು ತಂದರೆ ತನಗೆ ವೀಣೆ ಬೇಡ, ಸದ್ದೇ ಬೇಕು ಎಂದು ಹಟ ಹಿಡಿಯುತ್ತಾನೆ. ಒಡಲು, ತೊಗಲು, ದಂಡ, ತಂತಿ, ಮೀಟುವ ಕಡ್ಡಿ, ಇವುಗಳೊಡನೆ ಮನುಷ್ಯನ ತಕ್ಕ ಪ್ರಯತ್ನ ಕೂಡಿದಾಗ ಸದ್ದು ಬರುತ್ತದೆ ಎಂದು ತಿಳಿಸಿ ಹೇಳಿದರೂ ಕೇಳದೆ, ವೀಣೆಯನ್ನು ಸೀಳಿ, ಚೂರು ಮಾಡಿ, ಸುಟ್ಟು, ಬೂದಿಯನ್ನು ಗಾಳಿಗೆ ತೂರಿ, ವೀಣೆ ಎಂಬುದು ಬರಿಯ ಮೋಸ ಎಂದುಬಿಡುತ್ತಾನೆ. ರೂಪ, ವೇದನೆ ಮೊದಲಾದ ಐದು ಸ್ಕಂಧಗಳನ್ನು ಬಿಡಿಸಿ ನೋಡಿದರೆ ನಾನು ಎಂಬುದು ಎಲ್ಲಿಯೂ ಸಿಗದು ಎಂಬುದು ಅಲ್ಲಿನ ಉಪದೇಶ. ಬೃಹದಾರಣ್ಯಕ ಉಪನಿಷತ್ತಿನಲ್ಲಿ ಯಾಜ್ಞವಲ್ಕ್ಯ ಮೈತ್ರೇಯಿಗೆ ಹೇಳುವ ಮಾತಿನಲ್ಲೂ ವೀಣೆ ಬರುತ್ತದೆ, ಆದರೆ ಅದರ ಮುಖ ಬೇರೆ ದಿಕ್ಕಿಗೆ: ನುಡಿಯುತ್ತಿರುವ ವೀಣೆಯಿಂದ ಹೊರಬಿದ್ದ ಸದ್ದುಗಳನ್ನು ಒಂದೊಂದಾಗಿ ಹಿಡಿಯಲಾಗದು, ವೀಣೆಯನ್ನೋ ವೀಣೆ ನುಡಿಸುವವನನ್ನೋ ಹಿಡಿದರೆ ಸದ್ದನ್ನೂ ಹಿಡಿದಂತಾಯಿತು. ಆತ್ಮವನ್ನು ತಿಳಿದರೆ ಎಲ್ಲವನ್ನೂ ತಿಳಿದಂತೆ ಎಂಬುದಕ್ಕೆ ಅದು ದೃಷ್ಟಾಂತ. ಆತ್ಮದ ಪ್ರಶ್ನೆಯಲ್ಲಿ ಈ ಎರಡು ದಾರಿಗಳು ಎಂದೂ ಸೇರುವುದಿಲ್ಲ, ಸೇರಿಸಲು ಹೆಣಗುವುದೂ ಬೇಡ. ವಾದ್ಯದ ಪ್ರಶ್ನೆಯಲ್ಲಿ ಮಾತ್ರ ಅವು ಒಂದಾದ ಮೇಲೆ ಒಂದು ಬರುತ್ತವೆ. ನಾದವು ಬೆನ್ನಿನ ಮರದಲ್ಲಿ, ಕತ್ತಿನ ಮರದಲ್ಲಿ, ಕುದುರೆಯ ಎಲುಬಿನಲ್ಲಿ ಇದೆ ಎಂದು ಒಂದೊಂದು ಭಾಗವನ್ನೂ ಪಟ್ಟಿ ಮಾಡಿ ಆರಿಸುವವನು ಆ ರಾಜನ ಹಾದಿ ಹಿಡಿದಿರುತ್ತಾನೆ. ಅಲ್ಲಿಂದ ಅವನನ್ನು ಹಿಂದಕ್ಕೆ ಕರೆಯಲು ಬುದ್ಧ ಬೇಕು. ಹಿಂದಕ್ಕೆ ಬಂದ ಮೇಲೆ ಏನನ್ನು ಹಿಡಿಯಬೇಕು ಎಂದು ತೋರಿಸಲು ಯಾಜ್ಞವಲ್ಕ್ಯ ಬೇಕು. ಹಿಡಿಯಬೇಕಾದದ್ದು ಮನುಷ್ಯನನ್ನು.

ಮನುಷ್ಯನನ್ನು ಹಿಡಿಯುವುದು ಎಂದರೆ ಅವನ ಹೆಸರಿಗೆ ಮಾರುಹೋಗುವುದಲ್ಲ, ಹಾಗಾದರೆ ಮರದ ಹೆಸರಿನ ಜಾಗಕ್ಕೆ ಇನ್ನೊಂದು ಹೆಸರು ಬಂದಂತಾಯಿತಷ್ಟೆ. ಅವನು ಈಗಾಗಲೇ ಮಾಡಿದ ವಾದ್ಯಗಳನ್ನು, ಅದರಲ್ಲೂ ಹತ್ತಾರು ವರ್ಷ ಹಳೆಯವನ್ನು, ಹುಡುಕಿ ನುಡಿಸಿ ನೋಡುವುದು, ಮೇಲ್ಹಲಗೆ ಬ್ರಿಡ್ಜಿನ ಹಿಂದೆ ಎಷ್ಟು ಉಬ್ಬಿದೆ ಎಂದು ಗಮನಿಸುವುದು, ದುರಸ್ತಿಗೆ ಬಂದ ತನ್ನ ಹಳೆಯ ಕೆಲಸದ ಬಗ್ಗೆ ಅವನು ಏನು ಹೇಳುತ್ತಾನೆ ಎಂದು ಕೇಳುವುದು, ಇವೆಲ್ಲ ಅನುಮಾನ ಪ್ರಮಾಣದ ಸಾಮಗ್ರಿ. ಹೊಗೆಯಿಂದ ಬೆಂಕಿಯನ್ನು ಊಹಿಸುವಂತೆ ಕಂಡ ವಾದ್ಯಗಳಿಂದ ಕಾಣದ ವಾದ್ಯವನ್ನು ಊಹಿಸುವ ಕ್ರಮ. ಇದರ ಜೊತೆಗೆ ಮಾಡಿಸಿಕೊಳ್ಳುವವನೂ ತನ್ನ ಕೈ, ತನ್ನ ರೂಢಿ, ತಾನು ನುಡಿಸುವ ಸಂಗೀತವನ್ನು ಮುಚ್ಚುಮರೆಯಿಲ್ಲದೆ ಹೇಳಿಕೊಳ್ಳಬೇಕಾಗುತ್ತದೆ. ಪ್ಲೇಟೋ ತನ್ನ ರಿಪಬ್ಲಿಕ್ ಗ್ರಂಥದ ಹತ್ತನೆಯ ಭಾಗದಲ್ಲಿ ಕೊಳಲಿನ ಉದಾಹರಣೆ ಕೊಟ್ಟು, ಕೊಳಲು ಒಳ್ಳೆಯದೋ ಕೆಟ್ಟದ್ದೋ ಎಂಬ ನಿಜವಾದ ಅರಿವು ಊದುವವನಿಗೆ ಇರುತ್ತದೆ, ಮಾಡುವವನು ಅವನ ಮಾತು ಕೇಳಿ ಸರಿಯಾದ ನಂಬಿಕೆಯನ್ನು ಪಡೆಯುತ್ತಾನೆ ಎನ್ನುತ್ತಾನೆ. ಅಲ್ಲಿ ಅವನು ಬಳಸುವ ಗ್ರೀಕ್ ಪದ ಪಿಸ್ಟಿಸ್. ಮುಂದೆ ಕ್ರೈಸ್ತರು ದೇವರ ಮೇಲಿನ ವಿಶ್ವಾಸಕ್ಕೆ ಬಳಸಿದ್ದೂ ಇದೇ ಪದವನ್ನು. ಪ್ಲೇಟೋವಿನ ಮಾತು ಅರ್ಧ ಸರಿ. ಕೆನಡಾದ ಲಿಂಡಾ ಮ್ಯಾಂಜರ್ ಅವರ ಕೆಲಸ ಉಳಿದರ್ಧವನ್ನು ತೋರಿಸುತ್ತದೆ. ಆದಷ್ಟು ಹೆಚ್ಚು ತಂತಿಗಳಿರುವ ಗಿಟಾರ್ ಬೇಕು ಎಂದು ಜಾಝ್ ವಾದಕ ಪ್ಯಾಟ್ ಮೆಥೆನಿ ಕೇಳಿದ್ದಕ್ಕೆ ಅವರು 1984ರಲ್ಲಿ ಪಿಕಾಸೋ ಎಂಬ 42 ತಂತಿಗಳ ವಾದ್ಯವನ್ನು ಮಾಡಿಕೊಟ್ಟರು. ಅದರಲ್ಲಿ ತೋಳಿನಡಿಯ ಕಡೆ ತೆಳ್ಳಗೂ ತೊಡೆಯ ಕಡೆ ದಪ್ಪಗೂ ಇರುವಂತೆ ಒಡಲನ್ನು ಓರೆಯಾಗಿಸಿದ್ದು ಮುಂದೆ ಅನೇಕ ತಯಾರಕರು ಅನುಸರಿಸಿದ ಮಾದರಿಯಾಯಿತು. ಕೇಳಿದವನಿಗೆ ತಂತಿಗಳು ಬೇಕೆಂಬುದು ಗೊತ್ತಿತ್ತು. ಆ ಬಯಕೆಗೆ ಒಡಲು ಎಂಥದಿರಬೇಕು ಎಂಬುದು ಮಾಡಿದವರಿಗೆ, ಅದೂ ಮಾಡುತ್ತ ಮಾಡುತ್ತ, ಗೊತ್ತಾಯಿತು. ಇಬ್ಬರೂ ಒಬ್ಬರನ್ನೊಬ್ಬರು ನಂಬಿದ್ದರಿಂದ ಇಬ್ಬರಿಗೂ ಮೊದಲೇ ತಿಳಿಯದಿದ್ದ ವಸ್ತುವೊಂದು ಹುಟ್ಟಿತು. ಆರಂಭವಾದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿಯನ್ನು ಕಲ್ಪಿಸುವುದು ಕಷ್ಟ.

ಪ್ಲೇಟೋವಿನ ಪದ ಹೇಳಲಾರದ ಇನ್ನೊಂದನ್ನು ಕನ್ನಡದ ಶ್ರದ್ಧೆ ಎಂಬ ಪದ ಹೇಳುತ್ತದೆ. ದೇವರಲ್ಲಿ ಶ್ರದ್ಧೆ ಎಂದಾಗ ಅದು ನಂಬಿಕೆ. ಶ್ರದ್ಧೆಯಿಂದ ಕೆಲಸ ಮಾಡು ಎಂದು ಮನೆಯ ಹಿರಿಯರು ಮಕ್ಕಳಿಗೆ ಹೇಳಿದಾಗ ಅದು ಗಮನ, ಬೇಸರಿಸದ ಎಚ್ಚರ. ಕಾಣದ ವಾದ್ಯಕ್ಕೆ ಮುಂಗಡ ಕೊಟ್ಟು ಕಾಯುವವನದು ಮೊದಲ ಅರ್ಥದ ಶ್ರದ್ಧೆ, ಯಾರೂ ನೋಡದ ಒಳಪಟ್ಟಿಯ ತುದಿಯನ್ನು ಉಗುರಿನಷ್ಟು ತೆಳ್ಳಗೆ ಇಳಿಸುವವನದು ಎರಡನೆಯ ಅರ್ಥದ ಶ್ರದ್ಧೆ. ಎರಡಕ್ಕೂ ಒಂದೇ ಪದವಿರುವುದು ಆಕಸ್ಮಿಕವಾಗಿರಲಾರದು, ಏಕೆಂದರೆ ಒಂದಕ್ಕೆ ಇನ್ನೊಂದೇ ಆಧಾರ: ಮಾಡುವವನ ಎಚ್ಚರವಿಲ್ಲದಿದ್ದರೆ ಕೊಳ್ಳುವವನ ನಂಬಿಕೆ ಮೌಢ್ಯವಾಗುತ್ತದೆ, ಕೊಳ್ಳುವವನ ನಂಬಿಕೆಯಿಲ್ಲದಿದ್ದರೆ ಅಷ್ಟು ನಿಧಾನವಾದ ಎಚ್ಚರಕ್ಕೆ ಈ ಲೋಕದಲ್ಲಿ ಜಾಗವೇ ಉಳಿಯುವುದಿಲ್ಲ.

ಈ ವ್ಯವಹಾರದಲ್ಲಿ ಮಾತಾಡದ ಮೂರನೆಯವನೊಬ್ಬನಿದ್ದಾನೆ, ಅದು ಮರ. ಗಿಟಾರಿನ ಲೋಕ ಭಾರತದ ರೋಸ್‌ವುಡ್ ಎಂದು ಕರೆಯುವುದು ಕೊಡಗು ಮತ್ತು ಮಲೆನಾಡಿನ ಕಾಡುಗಳು ಬಲ್ಲ ಬೀಟೆಯನ್ನೇ. ಮೈಸೂರಿನ ಕುಶಲಕರ್ಮಿಗಳು ಚಿತ್ರ ಕೂಡಿಸುವ ಕಡುಗಂದು ಹಲಗೆಯೂ ಅದೇ. ಬ್ರೆಜಿಲಿನಿಂದ ದಿಮ್ಮಿಗಳು ಬರುವುದು ಕಷ್ಟವಾದಾಗ, 1969ರ ಸುಮಾರಿಗೆ, ಅಮೆರಿಕದ ಮಾರ್ಟಿನ್ ಕಂಪನಿ ಬೀಟೆಯ ಕಡೆಗೆ ತಿರುಗಿತು, ಉಳಿದವರೂ ಹಿಂಬಾಲಿಸಿದರು. ಅಳಿವಿನಂಚಿನ ಜೀವಜಾತಿಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದ 1992ರಲ್ಲಿ ಬ್ರೆಜಿಲಿನ ರೋಸ್‌ವುಡ್ಡನ್ನು ಅತ್ಯಂತ ಬಿಗಿಯಾದ ಪಟ್ಟಿಗೆ ಸೇರಿಸಿತು. 2017ರ ಜನವರಿಯಲ್ಲಿ ಬೀಟೆಯೂ ಸೇರಿದಂತೆ ಆ ಕುಲದ ಮರಗಳೆಲ್ಲವೂ ನಿಯಂತ್ರಣಕ್ಕೆ ಬಂದವು. ಬ್ರೆಜಿಲಿನ ರೋಸ್‌ವುಡ್ಡಿನವನ್ನು ಬಿಟ್ಟು ಉಳಿದ ಸಿದ್ಧ ವಾದ್ಯಗಳಿಗೆ 2019ರಲ್ಲಿ ವಿನಾಯಿತಿ ಸಿಕ್ಕಿತು. ಕಾನೂನು ಅಷ್ಟಕ್ಕೆ ನಿಲ್ಲಬಹುದು, ಋಣದ ವಿಚಾರ ನಿಲ್ಲದು. ಮನುಷ್ಯ ಹುಟ್ಟುವಾಗಲೇ ದೇವತೆಗಳಿಗೆ, ಋಷಿಗಳಿಗೆ, ಪಿತೃಗಳಿಗೆ ಸಾಲಗಾರನಾಗಿ ಹುಟ್ಟುತ್ತಾನೆ ಎಂದ ಪರಂಪರೆ ತನಗೆ ದೊರೆತದ್ದನ್ನೆಲ್ಲ ತನ್ನ ಗಳಿಕೆಯೆಂದು ತಿಳಿಯಬಾರದು ಎಂದು ಕಲಿಸಿತು. ತಲೆಮಾರುಗಳ ಕಾಲ ನಿಂತು ಬೆಳೆದ ಬೀಟೆಯನ್ನು ನಾದಕ್ಕಾಗಿ ಕಡಿದರೆ ಆ ಋಣವನ್ನು ನಾದದಲ್ಲೇ ತೀರಿಸುತ್ತೇವೆ ಎನ್ನಬಹುದಿತ್ತು. ಬೆನ್ನಿನ ಮರದಿಂದ ನಾದಕ್ಕೆ ಆಗುವ ವ್ಯತ್ಯಾಸ ಅಷ್ಟು ಅಲ್ಪವೆಂದು ತಿಳಿದ ಮೇಲೂ ಹೆಸರಿಗಾಗಿ, ಹೊಳಪಿಗಾಗಿ ಅಪರೂಪದ ಮರವನ್ನೇ ಬೇಡುವವನು ಯಾವ ನಾಣ್ಯದಲ್ಲಿ ಅದನ್ನು ತೀರಿಸಿಯಾನು? ಊರ ಅಂಚಿನಲ್ಲಿ ಬಿದ್ದ ಮರದಿಂದಲೋ, ಕೆಡವಿದ ಹಳೆಯ ಕಟ್ಟಡದ ತೊಲೆಯಿಂದಲೋ ಬೆನ್ನು ಪಕ್ಕಗಳನ್ನು ಮಾಡಲು ಒಪ್ಪುವ ತಯಾರಕರಿದ್ದಾರೆ. ಅವರ ಬಳಿಗೆ ಹೋಗುವುದು ನಾದದಲ್ಲಿ ಯಾವ ತ್ಯಾಗವೂ ಅಲ್ಲ.

ಹನ್ನೆರಡನೆಯ ಶತಮಾನದ ಬಸವಣ್ಣನ ಪ್ರಸಿದ್ಧ ವಚನವೊಂದು ಕಾಯವನ್ನು ದಂಡಿಗೆಯಾಗಿ, ಶಿರವನ್ನು ಸೋರೆಯಾಗಿ, ನರವನ್ನು ತಂತಿಯಾಗಿ ಮಾಡಿಕೊಳ್ಳೆಂದು ಕೂಡಲಸಂಗಮದೇವನನ್ನು ಬೇಡುತ್ತದೆ. ಅಲ್ಲಿ ಭಕ್ತ ವಾದ್ಯವನ್ನು ಆರಿಸುವವನಲ್ಲ, ವಾದ್ಯವಾಗಲು ಒಪ್ಪಿದವನು. ಮಾಡುವವನೂ ನುಡಿಸುವವನೂ ಒಬ್ಬನೇ. ಮನುಷ್ಯರ ಲೋಕದಲ್ಲಿ ಆ ಎರಡು ಕೆಲಸಗಳು ಇಬ್ಬರ ನಡುವೆ ಹಂಚಿಹೋಗಿವೆ. ಅನೇಕ ತಯಾರಕರು ತಾವು ಮಾಡಿದ ವಾದ್ಯ ತಮ್ಮ ಕೈಯಲ್ಲಿರುವ ಕೆಲವೇ ದಿನಗಳಲ್ಲಿ, ಮೊದಲ ಬಾರಿ ತಂತಿ ಏರಿಸಿ ಎಳೆತಕ್ಕೆ ಮೇಲ್ಹಲಗೆ ಹೊಂದಿಕೊಳ್ಳುವಷ್ಟು ಹೊತ್ತು ಮಾತ್ರ, ಅದರ ದನಿಯನ್ನು ಕೇಳುತ್ತಾರೆ; ಆಮೇಲೆ ಅದು ಬೇರೆಯವರ ಮನೆಯಲ್ಲಿ, ಬೇರೆಯವರ ಬೆರಳಿನಡಿ ತನ್ನ ಆಯಸ್ಸನ್ನು ಕಳೆಯುತ್ತದೆ. ಹೋಗುವ ಮುನ್ನ ಅವರು ಒಂದು ಚೀಟಿಯನ್ನು ಒಡಲೊಳಗೆ, ನಾದದ ಕಿಂಡಿಗೆ ನೇರವಾಗಿ ಬೆನ್ನಿನ ಹಲಗೆಯ ಮೇಲೆ ಅಂಟಿಸುತ್ತಾರೆ. ಟೊರೆಸ್ ತನ್ನ ವೃತ್ತಿಯ ಎರಡನೆಯ ಘಟ್ಟದ ಗಿಟಾರುಗಳಲ್ಲಿ ಹೆಸರು, ಊರು, ವರ್ಷಗಳೊಡನೆ ವಾದ್ಯದ ಸಂಖ್ಯೆಯನ್ನೂ ಬರೆದು ಅಂಟಿಸಿದ ಚೀಟಿಗಳು ಇಂದಿಗೂ ಓದಲು ಸಿಗುತ್ತವೆ. ಶಬ್ದವು ಮರದ ಗುಣವಲ್ಲ, ತಂತಿಯ ಗುಣವೂ ಅಲ್ಲ, ಆಕಾಶದ ಗುಣ ಎಂದು ವೈಶೇಷಿಕರು ಹೇಳುತ್ತಾರೆ. ಆ ಚೀಟಿ ಇರುವುದು ಒಡಲೊಳಗಿನ ಆಕಾಶದಲ್ಲಿ. ದೀಪವನ್ನು ಓರೆಯಾಗಿ ಹಿಡಿದು, ತಂತಿಗಳ ನಡುವಿನಿಂದ ಬಗ್ಗಿ ನೋಡಿದವರಿಗೆ ಮಾತ್ರ ಅದರ ಮೇಲಿನ ಅಕ್ಷರಗಳು ಕಾಣುತ್ತವೆ.